ಪೆಟ್ರೋಲ್ ಟ್ಯಾಪ್ ಮತ್ತು ಇಗ್ನಿಷನ್ ಕೀಲಿ: ಕಾರ್ಬ್ಯುರೇಟರ್ ಬೈಕ್ ಇಟ್ಟುಕೊಂಡವರಿಗೆ ಸಮಗ್ರ ಮಾರ್ಗದರ್ಶಿ

ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದ ಕೂಡಲೇ ಪೆಟ್ರೋಲ್ ಹರಿಯುವುದೂ ನಿಂತಿತು ಎಂದು ಬಹಳ ಜನ ನಂಬಿದ್ದಾರೆ. ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಹೆಚ್ಚಿನ ಬೈಕುಗಳ ಮಟ್ಟಿಗೆ ಇದು ತಪ್ಪು. ಕೀಲಿ ನಿಲ್ಲಿಸುವುದು ಪ್ಲಗ್ಗಿನ ಕಿಡಿಯನ್ನು ಮಾತ್ರ. ಪೆಟ್ರೋಲನ್ನು ತಡೆಯುವುದು ಟ್ಯಾಂಕಿನ ಅಡಿಯಲ್ಲಿರುವ ಪುಟ್ಟ ಟ್ಯಾಪ್. ಒಂದು ವಿದ್ಯುತ್ತಿನ ಕಡೆ ನೋಡಿಕೊಳ್ಳುತ್ತದೆ, ಇನ್ನೊಂದು ಇಂಧನದ ಕಡೆ. ಒಂದರ ಸ್ಥಿತಿ ಇನ್ನೊಂದಕ್ಕೆ ತಿಳಿಯುವುದೇ ಇಲ್ಲ. ಇಷ್ಟು ಮನಸ್ಸಿನಲ್ಲಿ ಕುಳಿತರೆ ರಾತ್ರಿ ಸೋರಿ ಹೋಗುವ ಪೆಟ್ರೋಲ್, ಬೆಳಿಗ್ಗೆ ಸತ್ತುಬಿದ್ದಿರುವ ಬ್ಯಾಟರಿ, ನಡುದಾರಿಯಲ್ಲಿ ಸುಮ್ಮನೆ ಆರಿಹೋಗುವ ಎಂಜಿನ್ ಇವುಗಳಲ್ಲಿ ಬಹುಪಾಲನ್ನು ಮೆಕ್ಯಾನಿಕ್ ಇಲ್ಲದೆಯೇ ಬಗೆಹರಿಸಿಕೊಳ್ಳಬಹುದು.

ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಹೊಗೆಯ ಮಿತಿಯ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಹೊಸ ಬೈಕುಗಳಲ್ಲಿ ಹೆಚ್ಚಿನವು ಫ್ಯೂಯಲ್ ಇಂಜೆಕ್ಷನ್‌ಗೆ ತಿರುಗಿದವು, ಟ್ಯಾಪ್ ಕಣ್ಮರೆಯಾಯಿತು. ಆದರೂ ಅದಕ್ಕೂ ಹಿಂದಿನ ಸ್ಪ್ಲೆಂಡರ್, ಪಲ್ಸರ್, ಆರ್‌ಎಕ್ಸ್ 100, ಕಬ್ಬಿಣದ ಎಂಜಿನ್ನಿನ ಬುಲೆಟ್, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಯೆಜ್ಡಿ ಇವೆಲ್ಲ ಇಂದಿಗೂ ಊರೂರಿನಲ್ಲಿ ಓಡುತ್ತಿವೆ. ಅಪ್ಪನ ಗಾಡಿಯನ್ನು ಮಗಳು, ಅಣ್ಣನ ಗಾಡಿಯನ್ನು ತಮ್ಮ ಓಡಿಸಲು ಶುರುಮಾಡಿದಾಗ ಟ್ಯಾಪಿನ ಬಗ್ಗೆ ಹೇಳಿಕೊಡುವವರು ಇರುವುದಿಲ್ಲ. ಈ ಬರಹ ಅಂಥವರಿಗಾಗಿ.

ಟ್ಯಾಪಿನ ಒಳಗೆ ಏನಿದೆ

ಟ್ಯಾಂಕಿನ ತಳದಿಂದ ಕಾರ್ಬ್ಯುರೇಟರಿಗೆ ಪೆಟ್ರೋಲ್ ಇಳಿಯುವುದು ತನ್ನ ಭಾರದಿಂದಲೇ, ಪಂಪ್ ಇಲ್ಲ. ದಾರಿಯಲ್ಲಿ ಕುಳಿತಿರುವುದೇ ಟ್ಯಾಪ್. ಅದರ ಮೇಲ್ಭಾಗದಿಂದ ಒಂದು ಸಣ್ಣ ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಕೊಳವೆ ಟ್ಯಾಂಕಿನೊಳಗೆ ಕೆಲವು ಸೆಂಟಿಮೀಟರ್ ಎತ್ತರಕ್ಕೆ ನಿಂತಿರುತ್ತದೆ. ಕೊಳವೆಯ ಬಾಯಿ ಮೇಲಿದೆ. ಬುಡದಲ್ಲಿ, ಟ್ಯಾಂಕಿನ ತಳಕ್ಕೆ ಹತ್ತಿರವಾಗಿ, ಇನ್ನೊಂದು ರಂಧ್ರವಿದೆ. ಇವೆರಡನ್ನೂ ಸುತ್ತಿ ಒಂದು ತೆಳು ಜಾಲರಿ.

ಹೊರಗಿನ ಹಿಡಿಯನ್ನು ತಿರುಗಿಸಿದಾಗ ಒಳಗಿನ ಒಂದು ಬಿಲ್ಲೆ ತಿರುಗಿ, ರಬ್ಬರ್ ವಾಷರಿನಲ್ಲಿರುವ ತೂತುಗಳಲ್ಲಿ ಒಂದನ್ನು ತೆರೆಯುತ್ತದೆ ಅಥವಾ ಎಲ್ಲವನ್ನೂ ಮುಚ್ಚುತ್ತದೆ. ಆನ್ ಎಂದರೆ ಎತ್ತರದ ಕೊಳವೆಯ ಬಾಯಿಂದ ಪೆಟ್ರೋಲ್ ಬರುತ್ತದೆ. ರಿಸರ್ವ್ ಎಂದರೆ ಬುಡದ ರಂಧ್ರದಿಂದ ಬರುತ್ತದೆ. ಆಫ್ ಎಂದರೆ ಎರಡೂ ಬಂದ್. ರಿಸರ್ವ್‌ಗೆ ಬೇರೆಯೇ ಒಂದು ಟ್ಯಾಂಕ್ ಇದೆ ಎಂದು ತಿಳಿದವರು ಇಂದಿಗೂ ಸಿಗುತ್ತಾರೆ. ಇರುವುದು ಒಂದೇ ಟ್ಯಾಂಕ್. ಕೊಳವೆಯ ಎತ್ತರಕ್ಕಿಂತ ಕೆಳಗೆ ಉಳಿದ ಪೆಟ್ರೋಲೇ ರಿಸರ್ವ್. ಕೊಳವೆ ಎಷ್ಟು ಎತ್ತರವೋ ಅಷ್ಟು ಹೆಚ್ಚು ರಿಸರ್ವ್. ಆ ಕೊಳವೆ ಮುರಿದರೆ ಅಥವಾ ಬುಡದಲ್ಲಿ ಸಡಿಲವಾದರೆ ಆನ್ ಸ್ಥಿತಿಯಲ್ಲಿಯೂ ಪೆಟ್ರೋಲ್ ತಳದಿಂದಲೇ ಹೋಗಿ, ರಿಸರ್ವ್ ಎಂಬುದೇ ಇಲ್ಲವಾಗುತ್ತದೆ. ಮುನ್ಸೂಚನೆಯಿಲ್ಲದೆ ಟ್ಯಾಂಕ್ ಪೂರ್ತಿ ಬರಿದಾಗುವ ಹಳೆಯ ಗಾಡಿಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಕೆಲವು ಟ್ಯಾಪುಗಳ ಕೆಳಗೆ ಒಂದು ಸಣ್ಣ ಬಟ್ಟಲು ಇರುತ್ತದೆ. ಪೆಟ್ರೋಲಿಗಿಂತ ಭಾರವಾದ ನೀರು, ಮಣ್ಣಿನ ಕಣ, ಟ್ಯಾಂಕಿನ ತುಕ್ಕು ಅದರಲ್ಲಿ ತಂಗುತ್ತವೆ.

ನಿಮ್ಮ ಗಾಡಿಯ ಹಿಡಿ ಯಾವ ಕಡೆ ಏನು ಹೇಳುತ್ತದೆ

ಜಪಾನಿ ಮೂಲದ ಹೆಚ್ಚಿನ ಬೈಕುಗಳಲ್ಲಿ ಟ್ಯಾಪ್ ಎಡಗಡೆ ಇರುತ್ತದೆ. ಹಿಡಿ ಕೆಳಕ್ಕಿದ್ದರೆ ಆನ್, ಮೇಲಕ್ಕಿದ್ದರೆ ರಿಸರ್ವ್, ಅಡ್ಡಕ್ಕಿದ್ದರೆ ಆಫ್. ಆದರೆ ಇದನ್ನು ಕಣ್ಣುಮುಚ್ಚಿ ನಂಬಬಾರದು. ಹಿಡಿಯ ಉದ್ದ ತುದಿ ಗುರುತನ್ನು ತೋರುತ್ತದೆಯೋ ಗಿಡ್ಡ ತುದಿಯೋ ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಅಕ್ಷರಗಳು ಅಳಿಸಿಹೋಗಿರುತ್ತವೆ. ಗ್ಯಾರೇಜಿನಲ್ಲಿ ಯಾರೋ ಬೇರೆ ಮಾದರಿಯ ಟ್ಯಾಪ್ ಹಾಕಿರುತ್ತಾರೆ. ಹಳೆಯ ಬ್ರಿಟಿಷ್ ಗಾಡಿಗಳಲ್ಲಂತೂ ತಿರುಗಿಸುವ ಬದಲು ಎಳೆದು ತೆರೆಯುವ, ಒತ್ತಿ ಮುಚ್ಚುವ ಕಾರ್ಕಿನ ಟ್ಯಾಪುಗಳಿದ್ದವು. ಕೆಲವದರಲ್ಲಿ ಮುಖ್ಯ ಹರಿವಿಗೊಂದು, ರಿಸರ್ವ್‌ಗೊಂದು ಎಂದು ಎರಡೆರಡು. ಅವುಗಳ ಕಾರ್ಕ್ ಒಣಗಿದರೆ ಕುಗ್ಗಿ ಸೋರುತ್ತದೆ.

ಆದ್ದರಿಂದ ಗಾಡಿ ಕೈಗೆ ಬಂದ ಮೊದಲ ವಾರದಲ್ಲೇ ಈ ಪರೀಕ್ಷೆ ಮಾಡಿ.

1. ಗಾಳಿಯಾಡುವ ಬಯಲಿನಲ್ಲಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಹತ್ತಿರ ದೀಪ, ಬೀಡಿ, ಒಲೆ ಯಾವುದೂ ಇರಬಾರದು. ಟ್ಯಾಂಕಿನಲ್ಲಿ ಅರ್ಧದಷ್ಟಾದರೂ ಪೆಟ್ರೋಲ್ ಇರಲಿ.
2. ಹಿಡಿಯನ್ನು ಆಫ್ ಎಂದು ನೀವು ಭಾವಿಸಿರುವ ಕಡೆಗೆ ಇಡಿ. ಪೆಟ್ರೋಲ್ ಪೈಪನ್ನು ಕಾರ್ಬ್ಯುರೇಟರಿನ ಕಡೆಯಿಂದ ಬಿಡಿಸಿ, ತುದಿಯನ್ನು ಒಂದು ಒಣ ಬಾಟಲಿಯೊಳಗೆ ಇಳಿಸಿ.
3. ಐದು ನಿಮಿಷ ಕಾಯಿರಿ. ಪೈಪಿನಲ್ಲಿ ಉಳಿದದ್ದು ಇಳಿದ ಮೇಲೆ ಒಂದು ಹನಿಯೂ ಬೀಳಬಾರದು. ತೊಟ್ಟಿಕ್ಕುತ್ತಿದ್ದರೆ ಒಳಗಿನ ರಬ್ಬರ್ ಕೆಟ್ಟಿದೆ.
4. ಆನ್‌ಗೆ ತಿರುಗಿಸಿ. ಧಾರೆ ಕಡಿಯದೆ ಬರಬೇಕು. ಮೊದಲು ಜೋರಾಗಿ ಬಂದು ಆಮೇಲೆ ಸಣ್ಣಗಾದರೆ ಒಂದೋ ಜಾಲರಿ ಕಟ್ಟಿದೆ, ಇಲ್ಲವೇ ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಮುಚ್ಚಿದೆ. ಮುಚ್ಚಳ ತೆರೆದು ನೋಡಿ. ಧಾರೆ ಚೇತರಿಸಿಕೊಂಡರೆ ತಪ್ಪು ಮುಚ್ಚಳದ್ದು.
5. ರಿಸರ್ವ್‌ಗೆ ತಿರುಗಿಸಿ. ಧಾರೆ ಹಾಗೆಯೇ ಇರಬೇಕು. ಬಾಟಲಿಯ ತಳದಲ್ಲಿ ಗುಂಡುಗುಂಡಾಗಿ ಬೇರೆ ನಿಂತ ನೀರು ಅಥವಾ ಕೆಂಪು ಪುಡಿ ಕಂಡರೆ ಟ್ಯಾಂಕ್ ತೊಳೆಯುವ ಕಾಲ ಬಂದಿದೆ.
6. ಆಫ್ ಮಾಡಿ, ಪೈಪ್ ಸಿಕ್ಕಿಸಿ, ಕ್ಲಿಪ್ಪನ್ನು ಮರೆಯದೆ ಹಾಕಿ. ಮೂರು ಸ್ಥಿತಿಗಳನ್ನೂ ಹಿಡಿಯ ಸುತ್ತ ಬಣ್ಣದಿಂದ ಗುರುತು ಮಾಡಿ.

ರಿಸರ್ವ್ ಎಂಬ ಎಚ್ಚರಿಕೆ

ಪೆಟ್ರೋಲ್ ಮುಳ್ಳು ಇಲ್ಲದ ಅಥವಾ ಇದ್ದರೂ ಸುಳ್ಳು ಹೇಳುವ ಹಳೆಯ ಗಾಡಿಯಲ್ಲಿ ಟ್ಯಾಪೇ ನಿಮಗಿರುವ ಏಕೈಕ ಎಚ್ಚರಿಕೆ. ಆ ಎಚ್ಚರಿಕೆ ಕೆಲಸ ಮಾಡುವುದು ನೀವು ಆನ್ ಸ್ಥಿತಿಯಲ್ಲಿ ಓಡಿಸಿದಾಗ ಮಾತ್ರ. ಸದಾ ರಿಸರ್ವ್‌ನಲ್ಲೇ ಇಟ್ಟು ಓಡಿಸುವವರು ಬಹಳ. ಅವರ ಎಂಜಿನ್ ನಿಂತಾಗ ಟ್ಯಾಂಕಿನಲ್ಲಿ ಏನೂ ಉಳಿದಿರುವುದಿಲ್ಲ, ತಿರುಗಿಸಲು ಇನ್ನೊಂದು ಸ್ಥಿತಿಯೂ ಇರುವುದಿಲ್ಲ. ಚಾರ್ಮಾಡಿ ಘಾಟಿಯ ತಿರುವಿನಲ್ಲೋ ಆಗುಂಬೆಯ ಏರಿನಲ್ಲೋ ಮಳೆ ಮಂಜಿನ ನಡುವೆ ಗಾಡಿ ತಳ್ಳುವ ಪರಿಸ್ಥಿತಿ ಬರುವುದು ಹೀಗೆಯೇ. ಈ ಒಂದು ಅಭ್ಯಾಸವನ್ನು ಬಿಟ್ಟರೂ ಈ ಬರಹ ಸಾರ್ಥಕ.

ಪೆಟ್ರೋಲ್ ಕೊಳವೆಯ ಬಾಯಿಗಿಂತ ಕೆಳಗಿಳಿದಾಗ ಎಂಜಿನ್ ತಟ್ಟನೆ ಸಾಯುವುದಿಲ್ಲ. ಮೊದಲು ಎಳೆತ ಕಡಿಮೆಯಾಗುತ್ತದೆ, ಆಕ್ಸಿಲರೇಟರ್ ಕೊಟ್ಟರೂ ಗಾಡಿ ಮುಗ್ಗರಿಸುತ್ತದೆ, ಏರಿನಲ್ಲಿ ಒಮ್ಮೆ ಕೆಮ್ಮುತ್ತದೆ. ಆಗ ಮಾಡಬೇಕಾದದ್ದು ಇಷ್ಟು.

1. ಗಾಬರಿಯಾಗದೆ ಆಕ್ಸಿಲರೇಟರನ್ನು ಸ್ವಲ್ಪ ಸಡಿಲಿಸಿ. ಹಿಂದೆ ವಾಹನವಿದ್ದರೆ ಇಂಡಿಕೇಟರ್ ಹಾಕಿ ರಸ್ತೆಯ ಎಡಕ್ಕೆ ಬನ್ನಿ.
2. ದಾರಿ ನೇರವಾಗಿದ್ದು ಮುಂದೆ ತೆರವಾಗಿದ್ದರೆ ಎಡಗೈಯನ್ನು ಕೆಳಗಿಳಿಸಿ, ತಲೆ ಬಗ್ಗಿಸದೆ, ಬೆರಳ ಅಂದಾಜಿನಿಂದ ಹಿಡಿಯನ್ನು ರಿಸರ್ವ್‌ಗೆ ತಿರುಗಿಸಿ. ತಿರುವು, ದಟ್ಟಣೆ ಅಥವಾ ಇಳಿಜಾರಿದ್ದರೆ ನಿಲ್ಲಿಸಿಯೇ ತಿರುಗಿಸಿ.
3. ಎಂಜಿನ್ ಆಗಲೇ ನಿಂತಿದ್ದು ಗಾಡಿ ಇನ್ನೂ ಉರುಳುತ್ತಿದ್ದರೆ ಕ್ಲಚ್ ಹಿಡಿದು ಕೆಲವು ಸೆಕೆಂಡು ಕಾಯಿರಿ. ಫ್ಲೋಟ್ ಬೌಲ್ (ಕಾರ್ಬ್ಯುರೇಟರಿನ ಪುಟ್ಟ ಪೆಟ್ರೋಲ್ ಬಟ್ಟಲು) ತುಂಬಲು ಅಷ್ಟು ಸಮಯ ಬೇಕು. ಮತ್ತೆ ನಿಧಾನವಾಗಿ ಕ್ಲಚ್ ಬಿಟ್ಟರೆ ಎಂಜಿನ್ ಹತ್ತಿಕೊಳ್ಳುತ್ತದೆ.
4. ಟ್ರಿಪ್ ಮೀಟರ್ ಇದ್ದರೆ ಸೊನ್ನೆ ಮಾಡಿ. ಇಲ್ಲವಾದರೆ ಓಡೋಮೀಟರಿನ ಅಂಕಿಯನ್ನು ನೆನಪಿಡಿ.
5. ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ, ಮುಚ್ಚಳ ಹಾಕಿದ ಕೈಯಲ್ಲೇ ಹಿಡಿಯನ್ನು ಆನ್‌ಗೆ ಮರಳಿಸಿ. ಆಮೇಲೆ ಎಂದರೆ ಮರೆತುಹೋಗುತ್ತದೆ.

ಈ ಕೈಚಳಕವನ್ನು ಮನೆಯ ಮುಂದೆ, ಗಾಡಿ ನಿಂತಿರುವಾಗ, ಕಣ್ಣು ಮುಚ್ಚಿ ಅಭ್ಯಾಸ ಮಾಡಿ. ಕೈಗವಸು ಹಾಕಿಕೊಂಡೂ ಮಾಡಿ ನೋಡಿ; ಹಿಡಿ ಬಿಸಿ ಎಂಜಿನ್ನಿನ ಪಕ್ಕದಲ್ಲೇ ಇರುತ್ತದೆ.

ನಿಮ್ಮ ರಿಸರ್ವ್ ಎಷ್ಟು ಎಂಬುದನ್ನು ಅಳೆದು ತಿಳಿಯಿರಿ. ಆನ್‌ನಲ್ಲಿ ಎಂಜಿನ್ ಮುಗ್ಗರಿಸಿದ ಮೇಲೆ ಮನೆ ತಲುಪುವ ದೂರದಲ್ಲಿದ್ದರೆ, ಉಳಿದ ಪೆಟ್ರೋಲನ್ನು ರಿಸರ್ವ್ ಮೂಲಕ ಅಳತೆಯ ಡಬ್ಬಿಗೆ ಇಳಿಸಿ, ಬಂದ ದೂರದ ಲೆಕ್ಕ ಸೇರಿಸಿದರಾಯಿತು. ಸಾಮಾನ್ಯವಾಗಿ ಒಂದರಿಂದ ಎರಡು ಲೀಟರ್ ಸಿಗುತ್ತದೆ. ಲೀಟರಿಗೆ 50 ಕಿಲೋಮೀಟರ್ ಕೊಡುವ ಗಾಡಿಗೆ ಒಂದೂವರೆ ಲೀಟರ್ ಎಂದರೆ 75 ಕಿಲೋಮೀಟರ್. 30 ಕೊಡುವ ಬುಲೆಟ್ಟಿಗೆ 45. ಘಾಟಿಯಲ್ಲಿ ಇದಕ್ಕಿಂತ ಕಡಿಮೆ ಎಂದೇ ಎಣಿಸಿ.

ರಿಸರ್ವ್ ಕೂಡ ಮುಗಿದಾಗ ಒಂದು ಕೊನೆಯ ಉಪಾಯವಿದೆ. ಬೈಕಿನ ಟ್ಯಾಂಕ್ ಚಾಸಿಯ ಪೈಪಿನ ಮೇಲೆ ಕವುಚಿ ಕುಳಿತಿರುವುದರಿಂದ ಅದರ ತಳ ಎರಡು ಜೇಬುಗಳಾಗಿ ಒಡೆದಿರುತ್ತದೆ. ಟ್ಯಾಪ್ ಎಡಗಡೆ ಇದ್ದರೆ ಬಲ ಜೇಬಿನಲ್ಲಿ ಉಳಿದ ಪೆಟ್ರೋಲ್ ಟ್ಯಾಪಿಗೆ ತಲುಪುವುದೇ ಇಲ್ಲ. ಗಾಡಿಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು ಎಡಕ್ಕೆ ಚೆನ್ನಾಗಿ ವಾಲಿಸಿ. ಬಲಗಡೆಯದು ದಿಬ್ಬ ದಾಟಿ ಎಡಕ್ಕೆ ಬರುತ್ತದೆ, ಕೆಲವು ಕಿಲೋಮೀಟರಿಗೆ ಸಾಕಾಗುತ್ತದೆ.

ರಿಸರ್ವ್‌ನಲ್ಲಿ ಸದಾ ಓಡಿಸಬಾರದು ಎಂದಮಾತ್ರಕ್ಕೆ ಅದನ್ನು ಎಂದೂ ಮುಟ್ಟದೆ ಇರುವುದೂ ಸರಿಯಲ್ಲ. ತಳದಲ್ಲಿ ನೀರು, ಕಸ ಶೇಖರವಾಗುತ್ತಲೇ ಇರುತ್ತದೆ. ವರ್ಷಗಟ್ಟಲೆ ಬಿಟ್ಟು ಅವಸರದ ದಿನ ರಿಸರ್ವ್‌ಗೆ ಹಾಕಿದರೆ ಅದೆಲ್ಲ ಒಮ್ಮೆಲೇ ಕಾರ್ಬ್ಯುರೇಟರಿಗೆ ಇಳಿಯುತ್ತದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥೆನಾಲ್ ಇರುವುದರಿಂದ ಈ ಮಾತಿಗೆ ಇನ್ನಷ್ಟು ತೂಕ ಬಂದಿದೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಒಂದು ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಕೂರುತ್ತವೆ. ರಿಸರ್ವ್ ರಂಧ್ರ ಇರುವುದು ಅಲ್ಲಿಯೇ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಾದರೆ ಟ್ಯಾಂಕನ್ನು ತುಂಬಿಸಿಯೇ ನಿಲ್ಲಿಸಿ. ಒಳಗೆ ಗಾಳಿ ಕಡಿಮೆಯಾದಷ್ಟು ತೇವ ಕಡಿಮೆ. ಟ್ಯಾಪಿನ ಹಳೆಯ ರಬ್ಬರ್ ವಾಷರುಗಳೂ ಎಥೆನಾಲಿಗೆ ಉಬ್ಬುತ್ತವೆ, ಹಿಡಿ ಬಿಗಿಯಾಗುತ್ತದೆ. ಬಿಗಿಯಾದ ಹಿಡಿಯನ್ನು ಪ್ಲೈಯರ್ ಹಾಕಿ ತಿರುಗಿಸಿದರೆ ಅದು ಮುರಿಯುತ್ತದೆ. ರಬ್ಬರ್ ಬದಲಿಸಿ.

ಆಫ್ ಮಾಡುವುದು ಏಕೆ

ಕಾರ್ಬ್ಯುರೇಟರಿನ ಒಳಗೆ ಒಂದು ಫ್ಲೋಟ್, ಅದಕ್ಕೆ ತಾಗಿದ ಒಂದು ನೀಡಲ್ ವಾಲ್ವ್. ಬೌಲ್ ತುಂಬಿದಾಗ ಫ್ಲೋಟ್ ಮೇಲೆದ್ದು ನೀಡಲ್ ದಾರಿಯನ್ನು ಮುಚ್ಚುತ್ತದೆ. ಟ್ಯಾಪ್ ತೆರೆದಿದ್ದಾಗ ಇಡೀ ಟ್ಯಾಂಕಿನ ಪೆಟ್ರೋಲನ್ನು ರಾತ್ರಿಯಿಡೀ ತಡೆದು ನಿಲ್ಲಿಸುವುದು ಆ ಸೂಜಿಮೊನೆಯೊಂದೇ. ಅದರ ಕೆಳಗೆ ಒಂದು ಮರಳಿನ ಕಣ ಸಿಕ್ಕಿಕೊಂಡರೆ ಸಾಕು. ಒಳ್ಳೆಯ ಪಕ್ಷದಲ್ಲಿ ಓವರ್‌ಫ್ಲೋ ಪೈಪಿನಿಂದ ನೆಲಕ್ಕೆ ಸೋರುತ್ತದೆ, ಮನೆಯೊಳಗೆ ವಾಸನೆ ಬರುತ್ತದೆ. ಕೆಟ್ಟ ಪಕ್ಷದಲ್ಲಿ ಇನ್‌ಲೆಟ್ ಮೂಲಕ ಸಿಲಿಂಡರಿಗೆ ಇಳಿದು, ಪಿಸ್ಟನ್ ರಿಂಗುಗಳನ್ನು ದಾಟಿ, ಎಂಜಿನ್ ಆಯಿಲಿನಲ್ಲಿ ಬೆರೆಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ತಾನಾಗಿ ಏರಿದ್ದು, ಮೂಸಿದರೆ ಪೆಟ್ರೋಲ್ ವಾಸನೆ ಬಂದರೆ ಗಾಡಿಯನ್ನು ಸ್ಟಾರ್ಟ್ ಮಾಡಬೇಡಿ; ನೀರಾದ ಆಯಿಲ್ ಬೇರಿಂಗುಗಳನ್ನು ತಿನ್ನುತ್ತದೆ. ಆಯಿಲ್ ಬದಲಿಸಿ, ನೀಡಲ್ ಸರಿಪಡಿಸಿದ ಮೇಲೆಯೇ ಕಿಕ್ ಹೊಡೆಯಿರಿ. ಸಿಲಿಂಡರ್ ತುಂಬುವಷ್ಟು ಇಳಿದಿದ್ದರೆ ಪಿಸ್ಟನ್ ದ್ರವವನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವೂ ಇದೆ.

ಟೂ-ಸ್ಟ್ರೋಕ್ ಗಾಡಿಗಳಲ್ಲಿ ಸೋರಿದ ಪೆಟ್ರೋಲ್ ನೇರ ಕ್ರ್ಯಾಂಕ್‌ಕೇಸಿನಲ್ಲಿ (ಎಂಜಿನ್ನಿನ ಕೆಳಗಿನ ಪೆಟ್ಟಿಗೆ) ತಂಗಿ ಬೆಳಿಗ್ಗೆ ಪ್ಲಗ್ ಒದ್ದೆಯಾಗುತ್ತದೆ. ಯೆಜ್ಡಿಯಂಥ, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಗಾಡಿಗಳಲ್ಲಿ ಇನ್ನೊಂದು ತೊಡಕು: ವಾರಗಟ್ಟಲೆ ನಿಂತಾಗ ಬೌಲಿನ ಪೆಟ್ರೋಲ್ ಆವಿಯಾಗಿ ಆಯಿಲ್ ಮಾತ್ರ ಉಳಿದು ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟುತ್ತದೆ. ಹಾಗೆ ನಿಲ್ಲಿಸುವ ಮುನ್ನ ಟ್ಯಾಪ್ ಮುಚ್ಚಿ, ಗಾಡಿ ನಿಂತಲ್ಲೇ ಐಡಲಿನಲ್ಲಿ (ಆಕ್ಸಿಲರೇಟರ್ ಕೊಡದೆ) ಎಂಜಿನ್ ತಾನಾಗಿ ಆರುವವರೆಗೆ ಬಿಡಿ. ಓಡುತ್ತಿರುವಾಗ ಟ್ಯಾಪ್ ಮುಚ್ಚಿ ಬೌಲ್ ಬರಿದು ಮಾಡುವ ಅಭ್ಯಾಸ ಇಂಥ ಎಂಜಿನ್ನಿಗೆ ಒಳ್ಳೆಯದಲ್ಲ. ಪೆಟ್ರೋಲಿನ ಜೊತೆಗೇ ಆಯಿಲ್ ಕೂಡ ಕಡಿಮೆಯಾಗುತ್ತದೆ, ವೇಗದಲ್ಲಿದ್ದರೆ ಪಿಸ್ಟನ್ ಹಿಡಿದುಕೊಳ್ಳಬಹುದು.

ಟ್ಯಾಪ್ ಮುಚ್ಚಿಟ್ಟು ಹೊರಟುಬಿಟ್ಟರೂ ಗಾಡಿ ಸ್ವಲ್ಪ ದೂರ ಓಡುತ್ತದೆ. ಸಣ್ಣ ಬೈಕಿನ ಬೌಲಿನಲ್ಲಿ ಹಿಡಿಯುವುದು ಕೆಲವು ಹತ್ತು ಮಿಲಿಲೀಟರ್. ಲೀಟರಿಗೆ 50ರ ಲೆಕ್ಕದಲ್ಲಿ 20 ಮಿಲಿಗೆ ಒಂದು ಕಿಲೋಮೀಟರ್. ಮನೆಯಿಂದ ಹೊರಟು ಒಂದೆರಡು ಕಿಲೋಮೀಟರಿನಲ್ಲೇ ಎಂಜಿನ್ ಆರಿದರೆ ಮೊದಲು ಕೈ ಹೋಗಬೇಕಾದದ್ದು ಟ್ಯಾಪಿನ ಕಡೆಗೆ.

ಆಫ್ ಇಲ್ಲದ ಟ್ಯಾಪ್

ಕೆಲವು ಟ್ಯಾಪುಗಳಲ್ಲಿ ಆನ್, ರಿಸರ್ವ್, ಪ್ರೈಮ್ ಎಂದಿರುತ್ತದೆ, ಆಫ್ ಇರುವುದಿಲ್ಲ. ಇವು ನಿರ್ವಾತದ ಟ್ಯಾಪುಗಳು. ಎಂಜಿನ್ನಿನ ಇನ್‌ಲೆಟ್ಟಿನಿಂದ ಒಂದು ತೆಳು ಪೈಪ್ ಟ್ಯಾಪಿಗೆ ಬಂದಿರುತ್ತದೆ. ಎಂಜಿನ್ ತಿರುಗುವಾಗ ಹುಟ್ಟುವ ಸೆಳೆತ ಒಳಗಿನ ರಬ್ಬರ್ ಪರದೆಯನ್ನು ಎಳೆದು ಪೆಟ್ರೋಲಿಗೆ ದಾರಿ ಬಿಡುತ್ತದೆ. ಎಂಜಿನ್ ನಿಂತರೆ ದಾರಿ ತಾನಾಗಿ ಮುಚ್ಚುತ್ತದೆ. ಗೇರಿಲ್ಲದ ಹಲವು ಕಾರ್ಬ್ಯುರೇಟರ್ ಸ್ಕೂಟರುಗಳಲ್ಲಿ ಹಿಡಿಯೇ ಇಲ್ಲದ ಇದೇ ಬಗೆಯ ಟ್ಯಾಪ್ ಇತ್ತು. ವಿದೇಶಗಳಲ್ಲಿ ನೆಲೆಸಿ ಹಳೆಯ ಜಪಾನಿ ಬಹುಸಿಲಿಂಡರ್ ಬೈಕ್ ಕೊಳ್ಳುವ ನಮ್ಮವರಿಗೂ ಇದು ಎದುರಾಗುತ್ತದೆ.

ಪ್ರೈಮ್ ಸ್ಥಿತಿ ಈ ಕಾವಲನ್ನು ದಾಟಿ ಪೆಟ್ರೋಲನ್ನು ನೇರ ಬಿಡುತ್ತದೆ. ಬೌಲ್ ಒಣಗಿದ್ದಾಗ, ತಿಂಗಳುಗಟ್ಟಲೆ ನಿಂತ ಗಾಡಿಯನ್ನು ಎಬ್ಬಿಸುವಾಗ ಅರ್ಧ ನಿಮಿಷ ಪ್ರೈಮ್‌ನಲ್ಲಿಡಿ, ಸ್ಟಾರ್ಟ್ ಆದ ಕೂಡಲೇ ಆನ್‌ಗೆ ತನ್ನಿ. ಪ್ರೈಮ್‌ನಲ್ಲಿ ಬಿಟ್ಟು ಮಲಗಿದರೆ ಮೇಲೆ ಹೇಳಿದ ಸೋರಿಕೆಯ ಎಲ್ಲ ಅಪಾಯಗಳೂ ಇವೆ. ತೆಳು ಪೈಪ್ ಹರಿದರೆ ಅಥವಾ ಪರದೆ ತೂತಾದರೆ ಗಾಡಿ ಆನ್‌ನಲ್ಲಿ ನಿಲ್ಲುತ್ತದೆ, ಪ್ರೈಮ್‌ನಲ್ಲಿ ಮಾತ್ರ ಓಡುತ್ತದೆ. ದೋಷ ಹಿಡಿಯಲು ಇಷ್ಟು ಸಾಕು.

ಕೀಲಿಯ ಸ್ಥಿತಿಗಳು

ಈಗ ಕಿಡಿಯ ಕಡೆಗೆ. ಬಹುತೇಕ ಬೈಕುಗಳ ಇಗ್ನಿಷನ್ ಸ್ವಿಚ್ಚಿನಲ್ಲಿ ಆಫ್, ಆನ್, ಲಾಕ್ ಎಂಬ ಮೂರು ಸ್ಥಿತಿಗಳು. ಕೆಲವದರಲ್ಲಿ ಪಿ ಎಂಬ ನಾಲ್ಕನೆಯದು.

ಆನ್‌ನಲ್ಲಿ ಬ್ಯಾಟರಿ ಗಾಡಿಯ ಉಳಿದ ತಂತಿಗಳಿಗೆ ಕೂಡಿಕೊಳ್ಳುತ್ತದೆ. ಹಾರ್ನ್, ಇಂಡಿಕೇಟರ್, ಬ್ರೇಕ್ ದೀಪ ಜೀವ ಪಡೆಯುತ್ತವೆ, ಕಿಡಿಗೆ ಅನುಮತಿ ಸಿಗುತ್ತದೆ. ಆ ಅನುಮತಿ ಸಿಗುವ ಬಗೆ ಎರಡು. ಗಾಡಿ ಯಾವ ಬಗೆಯದು ಎಂದು ತಿಳಿಯದೆ ತಂತಿ ಮುಟ್ಟುವುದರಿಂದಲೇ ಅನೇಕ ಸ್ವಿಚ್ಚುಗಳು ಹಾಳಾಗುತ್ತವೆ.

ಮೊದಲನೆಯದು ಬ್ಯಾಟರಿಯ ಇಗ್ನಿಷನ್. ಕೀಲಿ ಆನ್ ಮಾಡಿದರೆ ಬ್ಯಾಟರಿಯ ಕರೆಂಟ್ ಕಾಯಿಲಿಗೆ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಸುರುಳಿ) ಹೋಗುತ್ತದೆ. ಹಳೆಯ ಬುಲೆಟ್ ಹೀಗೆ. ಬ್ಯಾಟರಿ ಸತ್ತರೆ ಕಿಡಿ ಇಲ್ಲ. ಸ್ವಿಚ್ಚಿನ ತಂತಿ ಕಡಿದರೂ ಕಿಡಿ ಇಲ್ಲ. ಪಾಯಿಂಟ್ (ಕಾಯಿಲಿನ ಕರೆಂಟನ್ನು ಕೂಡಿಸಿ ಕಡಿಯುವ ಪುಟ್ಟ ಸ್ವಿಚ್) ಇರುವ ಗಾಡಿಯಲ್ಲಿ ಎಂಜಿನ್ ನಿಲ್ಲಿಸಿ ಕೀಲಿಯನ್ನು ಆನ್‌ನಲ್ಲೇ ಮರೆತರೆ, ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ನಿಂತಿದ್ದರೆ ಕಾಯಿಲ್ ಮೂಲಕ ಕರೆಂಟ್ ಹರಿಯುತ್ತಲೇ ಇದ್ದು ಕಾಯಿಲ್ ಬಿಸಿಯಾಗುತ್ತದೆ, ಬ್ಯಾಟರಿ ಬರಿದಾಗುತ್ತದೆ. ಬುಲೆಟ್ಟಿನ ಆಮ್ಮೀಟರ್ (ಕರೆಂಟ್ ತೋರಿಸುವ ಮೀಟರ್) ಮುಳ್ಳು ನಡುವಿನಿಂದ ಮೈನಸ್ ಕಡೆಗೆ ವಾಲಿರುವುದು ಇದನ್ನೇ ಹೇಳುತ್ತದೆ. ಕಿಕ್ಕರನ್ನು ಮೆಲ್ಲಗೆ ಒತ್ತುತ್ತಾ ಹೋದಾಗ ಮುಳ್ಳು ನಡುವಿಗೆ ಬಂದರೆ ಪಾಯಿಂಟ್ ತೆರೆಯಿತು ಎಂದರ್ಥ. ಅನುಭವಿ ಬುಲೆಟ್ ಸವಾರರು ಪಿಸ್ಟನ್ನಿನ ಜಾಗ ಕಂಡುಕೊಳ್ಳುವುದು ಆ ಮುಳ್ಳಿನಿಂದಲೇ.

ಎರಡನೆಯದು ಮ್ಯಾಗ್ನೆಟೊದ (ಎಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸುವ ಭಾಗ) ಕರೆಂಟಿನಿಂದ ನಡೆಯುವ ಸಿಡಿಐ ಎಂಬ ಎಲೆಕ್ಟ್ರಾನಿಕ್ ಕಿಡಿ ಪೆಟ್ಟಿಗೆ. ಆರ್‌ಎಕ್ಸ್ 100 ಇದಕ್ಕೆ ಉದಾಹರಣೆ. ಕಿಡಿಗೆ ಬೇಕಾದ ವಿದ್ಯುತ್ತನ್ನು ಎಂಜಿನ್ ತಾನೇ ತಿರುಗಿ ಹುಟ್ಟಿಸಿಕೊಳ್ಳುತ್ತದೆ, ಬ್ಯಾಟರಿ ಬೇಕಿಲ್ಲ. ಇಲ್ಲಿ ಕೀಲಿಯ ಕೆಲಸ ತಿರುಗುಮುರುಗು: ಆಫ್ ಮಾಡಿದಾಗ ಸ್ವಿಚ್ ಸಿಡಿಐನ ಒಂದು ತಂತಿಯನ್ನು ಅರ್ತ್‌ಗೆ (ಗಾಡಿಯ ಲೋಹದ ಮೈಗೆ) ಜೋಡಿಸಿ ಕಿಡಿಯನ್ನು ಕೊಲ್ಲುತ್ತದೆ, ಆನ್ ಮಾಡಿದಾಗ ಆ ಜೋಡಣೆ ಬಿಡಿಸುತ್ತದೆ. ಆದ್ದರಿಂದ ಸ್ವಿಚ್ಚಿನ ತಂತಿ ಕಡಿದರೆ ಎಂಜಿನ್ ನಿಲ್ಲುವುದಿಲ್ಲ, ಬದಲಿಗೆ ನಿಲ್ಲಿಸಲು ಆಗುವುದಿಲ್ಲ. ಮಳೆಯಲ್ಲಿ ಸ್ವಿಚ್ಚಿನೊಳಗೆ ನೀರು ಹೊಕ್ಕರೆ, ಕೀಲಿ ಆನ್‌ನಲ್ಲಿದ್ದರೂ ಆ ತಂತಿ ನೀರಿನ ಮೂಲಕ ಅರ್ತ್ ಮುಟ್ಟಿ ಕಿಡಿ ಮಾಯವಾಗುತ್ತದೆ.

ಹೋಂಡಾ ಮತ್ತು ಯಮಹಾ ಮೂಲದ ಇಂಥ ಗಾಡಿಗಳಲ್ಲಿ ಈ ತಂತಿ ಸಾಮಾನ್ಯವಾಗಿ ಕಪ್ಪು ಮೈ ಮೇಲೆ ಬಿಳಿ ಗೆರೆಯದು. ಬ್ಯಾಟರಿಯಿಂದ ಬರುವುದು ಕೆಂಪು. ಆನ್ ಮಾಡಿದಾಗ ಮುಂದಕ್ಕೆ ಹೋಗುವುದು ಹೋಂಡಾದಲ್ಲಿ ಕಪ್ಪು, ಯಮಹಾದಲ್ಲಿ ಕಂದು. ಅರ್ತ್ ಹೋಂಡಾದಲ್ಲಿ ಹಸಿರು, ಯಮಹಾದಲ್ಲಿ ಕಪ್ಪು. ಒಂದು ಕಂಪನಿಯ ಕಪ್ಪು ಇನ್ನೊಂದರಲ್ಲಿ ಅರ್ತ್ ಆಗಿರುವುದನ್ನು ಗಮನಿಸಿ. ಒಂದರ ಸ್ವಿಚ್ಚನ್ನು ಇನ್ನೊಂದಕ್ಕೆ ಬಣ್ಣ ನೋಡಿ ಜೋಡಿಸಿದರೆ ಫ್ಯೂಸ್ ಸುಡುತ್ತದೆ.

ಲಾಕ್ ಮಾಡಲು ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಕೀಲಿಯನ್ನು ಒಳಕ್ಕೆ ಒತ್ತಿ, ಒತ್ತಿ ಹಿಡಿದೇ ಎಡಸುತ್ತು ತಿರುಗಿಸಬೇಕು. ಕೂರದಿದ್ದರೆ ಬಲ ಹಾಕಬೇಡಿ. ಹ್ಯಾಂಡಲನ್ನು ಕೂದಲೆಳೆಯಷ್ಟು ಅತ್ತಿತ್ತ ಅಲುಗಿಸಿದರೆ ಒಳಗಿನ ಕಡ್ಡಿ ತನ್ನ ಕುಳಿಯನ್ನು ಹುಡುಕಿಕೊಳ್ಳುತ್ತದೆ.

ಪಿ ಸ್ಥಿತಿ ಬಹಳ ಮಂದಿಯ ಬ್ಯಾಟರಿ ತಿಂದಿದೆ. ಅನೇಕ ಗಾಡಿಗಳಲ್ಲಿ ಅದು ಲಾಕ್‌ನ ಆಚೆಗೆ ಇರುತ್ತದೆ. ಲಾಕ್ ಮಾಡುವಾಗ ಸ್ವಲ್ಪ ಹೆಚ್ಚು ತಿರುಗಿದರೆ ಅಲ್ಲಿಗೆ ಹೋಗಿ ಕೂರುತ್ತದೆ. ಕೀಲಿಯನ್ನು ಹೊರತೆಗೆಯಲೂ ಬರುತ್ತದೆ. ಹ್ಯಾಂಡಲ್ ಲಾಕ್ ಆಗಿರುತ್ತದೆ, ಹಿಂದಿನ ದೀಪ ಮಾತ್ರ ಉರಿಯುತ್ತಿರುತ್ತದೆ. ರಾತ್ರಿ ರಸ್ತೆಬದಿಯಲ್ಲಿ ನಿಲ್ಲಿಸಿದ ಗಾಡಿ ಇತರರಿಗೆ ಕಾಣಲಿ ಎಂಬುದು ಅದರ ಉದ್ದೇಶ. 12 ವೋಲ್ಟಿನಲ್ಲಿ 5 ವಾಟ್ ಬಲ್ಬು ಎಂದರೆ ಸುಮಾರು 0.4 ಆಂಪಿಯರ್, ಸಣ್ಣ ಬೈಕುಗಳ 2.5 ಆಂಪಿಯರ್-ಗಂಟೆಯ ಬ್ಯಾಟರಿ ಆರು ಗಂಟೆಯಲ್ಲಿ ಬರಿದು. ಲಾಕ್ ಮಾಡಿದ ಮೇಲೆ ಹಿಂದಿನ ದೀಪದ ಕಡೆ ಒಮ್ಮೆ ಕಣ್ಣು ಹಾಯಿಸಿ ಹೊರಡಿ.

ಹ್ಯಾಂಡಲಿನ ಬಲಗಡೆ ಇರುವ ಕೆಂಪು ಕಿಲ್ ಸ್ವಿಚ್ ತುರ್ತಿಗೆಂದು ಇರುವುದು: ಗಾಡಿ ಬಿದ್ದಾಗ, ಆಕ್ಸಿಲರೇಟರ್ ಸಿಕ್ಕಿಕೊಂಡಾಗ. ಅದರಿಂದ ಎಂಜಿನ್ ನಿಲ್ಲಿಸಿ ಕೀಲಿ ಮರೆತರೆ ಬ್ಯಾಟರಿಯ ಸಂಪರ್ಕ ಹಾಗೆಯೇ ಉಳಿದಿರುತ್ತದೆ. ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಎಂದಾಗ ಮೊದಲು ನೋಡಬೇಕಾದದ್ದೂ ಅದನ್ನೇ. ಮಕ್ಕಳು ಆಡುವಾಗ ಒತ್ತಿರುತ್ತಾರೆ.

ಇಳಿಜಾರಿನಲ್ಲಿ ಕೀಲಿ ಆಫ್ ಮಾಡಿ ಪೆಟ್ರೋಲ್ ಉಳಿಸುವ ಅಭ್ಯಾಸದ ಬಗ್ಗೆ ಗಟ್ಟಿಯಾಗಿ ಹೇಳಲೇಬೇಕು. ಗೇರಿನಲ್ಲಿದ್ದರೆ ಎಂಜಿನ್ ತಿರುಗುತ್ತಲೇ ಇರುತ್ತದೆ, ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಎಳೆಯುತ್ತಲೇ ಇರುತ್ತದೆ, ಅದು ಉರಿಯದೆ ಬಿಸಿ ಸೈಲೆನ್ಸರಿಗೆ ಹೋಗುತ್ತದೆ. ಮತ್ತೆ ಆನ್ ಮಾಡಿದಾಗ ಕೇಳುವ ಢಂ ಶಬ್ದ ಆ ಪೆಟ್ರೋಲಿನದೇ. ಸೈಲೆನ್ಸರ್ ಸೀಳುವುದೂ ಉಂಟು. ನ್ಯೂಟ್ರಲಿನಲ್ಲಿದ್ದರೆ ಎಂಜಿನ್ನಿನ ಹಿಡಿತವೂ ಇಲ್ಲದೆ ಇಡೀ ಭಾರ ಬ್ರೇಕಿನ ಮೇಲೆ. ಎರಡರಲ್ಲೂ ಹಾರ್ನ್ ಇಲ್ಲ, ಬ್ರೇಕ್ ದೀಪ ಇಲ್ಲ. ಘಾಟಿಯಲ್ಲಿ ಇದನ್ನು ದಯವಿಟ್ಟು ಮಾಡಬೇಡಿ.

ಹೊರಡುವಾಗ, ನಿಲ್ಲಿಸುವಾಗ

ಹೊರಡುವಾಗ ಟ್ಯಾಪ್ ಆನ್ ಮಾಡಿ, ಹ್ಯಾಂಡಲ್ ಲಾಕ್ ಬಿಡಿಸಿ ಎರಡೂ ಕಡೆಗೆ ಸರಾಗ ತಿರುಗುವುದನ್ನು ನೋಡಿ, ಅಷ್ಟರಲ್ಲಿ ಬೌಲ್ ತುಂಬುತ್ತದೆ. ಕೀಲಿ ಆನ್, ಕಿಲ್ ಸ್ವಿಚ್ ಓಡುವ ಸ್ಥಿತಿಗೆ, ನ್ಯೂಟ್ರಲ್ ದೀಪ, ತಣ್ಣಗಿದ್ದರೆ ಚೋಕ್, ಆಮೇಲೆ ಕಿಕ್. ನಿಲ್ಲಿಸುವಾಗ ಕೀಲಿ ಆಫ್, ಟ್ಯಾಪ್ ಆಫ್, ಲಾಕ್. ಅಂಗಡಿಯ ಮುಂದೆ ಐದು ನಿಮಿಷ ನಿಲ್ಲಿಸಿದಾಗ ಟ್ಯಾಪ್ ಮುಚ್ಚಬೇಕಿಲ್ಲ. ರಾತ್ರಿಗೆ, ಮನೆಯೊಳಗೆ ನಿಲ್ಲಿಸುವಾಗ, ಲಾರಿ ಅಥವಾ ರೈಲಿನಲ್ಲಿ ಸಾಗಿಸುವಾಗ ತಪ್ಪದೆ ಮುಚ್ಚಿ.

ದಾರಿಯಲ್ಲಿ ನಿಂತರೆ

ಮುಗ್ಗರಿಸುತ್ತಾ ನಿಂತರೆ ಪೆಟ್ರೋಲಿನ ಕಡೆ ನೋಡಿ, ಒಮ್ಮೆಲೇ ಕತ್ತರಿಸಿದಂತೆ ನಿಂತರೆ ಕಿಡಿಯ ಕಡೆ. ಇದು ಪೂರ್ತಿ ನಿಯಮವಲ್ಲ, ಆದರೂ ಒಳ್ಳೆಯ ಆರಂಭ.

ಪೆಟ್ರೋಲಿನ ಕಡೆ: ಟ್ಯಾಪನ್ನು ರಿಸರ್ವ್‌ಗೆ ಹಾಕಿ. ಟ್ಯಾಂಕ್ ಅಲುಗಿಸಿ ಶಬ್ದ ಕೇಳಿ. ಮುಚ್ಚಳ ತೆರೆದಾಗ ಗಾಳಿ ಒಳಕ್ಕೆ ಹೀರಿದ ಸದ್ದು ಬಂದರೆ, ಆಮೇಲೆ ಗಾಡಿ ಸ್ಟಾರ್ಟ್ ಆದರೆ ಗಾಳಿರಂಧ್ರ ಮುಚ್ಚಿದೆ. ಟ್ಯಾಂಕಿನ ಮೇಲೆ ಕಟ್ಟಿದ ಬ್ಯಾಗ್, ಮಳೆಗೆ ಹೊದಿಸಿದ ಪ್ಲಾಸ್ಟಿಕ್ ಕೂಡ ಇದನ್ನು ಮಾಡುತ್ತವೆ. ರಿಸರ್ವ್ ಹಾಕಿದ್ದರಿಂದ ಸರಿಹೋಯಿತು ಎಂದು ಭ್ರಮೆ ಹುಟ್ಟಿಸುವುದೂ ಇದೇ, ಏಕೆಂದರೆ ನಿಂತ ಆ ಎರಡು ನಿಮಿಷದಲ್ಲಿ ಗಾಳಿ ನಿಧಾನವಾಗಿ ಒಳಹೊಕ್ಕಿರುತ್ತದೆ.

ಕಿಡಿಯ ಕಡೆ: ಕಿಲ್ ಸ್ವಿಚ್ ನೋಡಿ. ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಪ್ಲಗ್ ತೂತಿನಿಂದ ದೂರ ಎಂಜಿನ್ನಿಗೆ ಗಟ್ಟಿಯಾಗಿ ತಾಗಿಸಿ ಕಿಕ್ ಹೊಡೆಯಿರಿ. ಸುತ್ತ ಪೆಟ್ರೋಲ್ ಸೋರಿದ್ದರೆ ಈ ಪರೀಕ್ಷೆ ಬೇಡವೇ ಬೇಡ. ಕಿಡಿ ಇಲ್ಲವಾದರೆ, ಮ್ಯಾಗ್ನೆಟೊ ಸಿಡಿಐ ಗಾಡಿಯಲ್ಲಿ ಸ್ವಿಚ್ಚಿನ ಕಡೆಗೆ ಹೋಗುವ ಕಪ್ಪು-ಬಿಳಿ ತಂತಿಯ ಕನೆಕ್ಟರನ್ನು ಬಿಡಿಸಿ ಮತ್ತೆ ನೋಡಿ. ಈಗ ಕಿಡಿ ಬಂದರೆ ದೋಷ ಸ್ವಿಚ್ಚಿನದು. ಹಾಗೆಯೇ ಊರು ಸೇರಬಹುದು, ಆದರೆ ಕೀಲಿಯಿಂದ ಎಂಜಿನ್ ನಿಲ್ಲುವುದಿಲ್ಲ. ಎರಡೂ ಬ್ರೇಕ್ ಹಿಡಿದು ಟಾಪ್ ಗೇರಿನಲ್ಲಿ ಕ್ಲಚ್ ಮೆಲ್ಲಗೆ ಬಿಟ್ಟು ನಿಲ್ಲಿಸಬೇಕು. ಬಿಚ್ಚಿದ ತುದಿಗೆ ಟೇಪ್ ಸುತ್ತುವುದನ್ನು ಮರೆಯಬೇಡಿ.

ಟ್ಯಾಪ್ ಬಿಚ್ಚಿ ಶುಚಿಗೊಳಿಸುವುದು

ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಡಿಸಿ, ಹೊರಗೆ ಗಾಳಿಯಲ್ಲಿ ಕೆಲಸಕ್ಕೆ ಕೂರಿ. ಟ್ಯಾಪ್ ಎರಡು ಸ್ಕ್ರೂಗಳಿಂದ ಅಥವಾ ಒಂದು ದೊಡ್ಡ ನಟ್ಟಿನಿಂದ ಕೂತಿರುತ್ತದೆ. ನೇರ ಕೆಳಕ್ಕೆ ಎಳೆಯಿರಿ, ಓರೆಯಾದರೆ ಜಾಲರಿ ಹರಿಯುತ್ತದೆ. ಜಾಲರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಪೆಟ್ರೋಲಿನಲ್ಲಿ ತೊಳೆಯಿರಿ. ಹಿಡಿಯ ಹಿಂದಿನ ನಾಲ್ಕು ತೂತಿನ ರಬ್ಬರ್ ಗಟ್ಟಿಯಾಗಿದ್ದರೆ, ಹಿಡಿ ಉಜ್ಜಿದ ಗೆರೆ ಬಿದ್ದಿದ್ದರೆ ಬದಲಿಸಿ. ತಿರುವಿ ಹಾಕಿ ದಿನ ದೂಡುವುದು ಹೆಚ್ಚು ಕಾಲ ಬಾಳುವುದಿಲ್ಲ. ಮರುಜೋಡಣೆಯಲ್ಲಿ ಸ್ಕ್ರೂಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಟ್ಯಾಪಿನ ಮೈ ಮೆತ್ತನೆಯ ಲೋಹ. ಒಂದು ಲೀಟರ್ ಹಾಕಿ, ಒಣ ಬಟ್ಟೆಯಿಂದ ಒರೆಸಿ, ಹತ್ತು ನಿಮಿಷ ಬಿಟ್ಟು ನೋಡಿದ ಮೇಲೆಯೇ ಬ್ಯಾಟರಿ ಜೋಡಿಸಿ.

ಕೀಲಿಯ ಕುಳಿಗೆ ಎಂಜಿನ್ ಆಯಿಲ್ ಬಿಡಬೇಡಿ, ಧೂಳು ಅಂಟುತ್ತದೆ. ಗ್ರಾಫೈಟ್ ಪುಡಿ ಸಾಕು. ಮನೆ, ಬೀರು, ಅಂಗಡಿ ಎಲ್ಲದರ ಕೀಲಿಗಳನ್ನೂ ಒಂದೇ ಗೊಂಚಲಲ್ಲಿ ತೂಗಿಬಿಟ್ಟರೆ ಆ ಭಾರ ಅಲುಗಾಡಿ ಸ್ವಿಚ್ಚಿನ ಒಳಭಾಗ ಸವೆಯುತ್ತದೆ.

ಇಂಜೆಕ್ಷನ್ ಗಾಡಿಯವರಿಗೆ

ಟ್ಯಾಪ್ ಇಲ್ಲ, ಆದರೆ ಕೀಲಿಯ ಕೆಲಸ ಹೆಚ್ಚಿದೆ. ಕೀಲಿ ಆನ್ ಮಾಡಿದಾಗ ಟ್ಯಾಂಕಿನೊಳಗಿನ ಪಂಪ್ ಎರಡು ಮೂರು ಸೆಕೆಂಡು ಗುಂಯ್‌ಗುಡುತ್ತದೆ. ಅದು ನಿಂತ ಮೇಲೆ ಸ್ಟಾರ್ಟ್ ಮಾಡಿ. ಆ ಸದ್ದೇ ಬರದಿದ್ದರೆ ಕಿಲ್ ಸ್ವಿಚ್, ಫ್ಯೂಸ್, ಬ್ಯಾಟರಿ ಈ ಕ್ರಮದಲ್ಲಿ ನೋಡಿ. ಪಂಪ್ ತಣ್ಣಗಿರುವುದು ಸುತ್ತಲಿನ ಪೆಟ್ರೋಲಿನಿಂದಲೇ, ಹಾಗಾಗಿ ಪೆಟ್ರೋಲ್ ದೀಪ ಹೊತ್ತಿಕೊಂಡ ಮೇಲೆ ಕೊನೆಯ ಹನಿಯವರೆಗೂ ಓಡಿಸುವುದು ದುಬಾರಿ ಅಭ್ಯಾಸ.

ಹಳೆಯ ಗಾಡಿ ಕೊಳ್ಳುವಾಗ

ಮಾತುಕತೆಗೆ ಮುನ್ನ ಎಂಜಿನ್ ಬಿಸಿಯಾಗಲು ಬಿಡಿ, ಟ್ಯಾಪನ್ನು ಆಫ್ ಮಾಡಿ ಐಡಲಿನಲ್ಲಿ ನಿಲ್ಲಿಸಿ. ಬೌಲ್ ಬರಿದಾದ ಕೂಡಲೇ, ಅಂದರೆ ಕೆಲವು ನಿಮಿಷಗಳಲ್ಲಿ, ಎಂಜಿನ್ ಆರಬೇಕು. ಆರದೆ ಓಡುತ್ತಲೇ ಇದ್ದರೆ ಟ್ಯಾಪ್ ಮುಚ್ಚುತ್ತಿಲ್ಲ. ಮತ್ತೆ ಆನ್ ಮಾಡಿ ಸ್ಟಾರ್ಟ್ ಮಾಡಿ, ಕೀಲಿಯನ್ನು ಆನ್‌ನಲ್ಲೇ ಮೆಲ್ಲಗೆ ಅಲುಗಿಸಿ. ಎಂಜಿನ್ ತಡವರಿಸಿದರೆ ಸ್ವಿಚ್ಚಿನ ಸಂಪರ್ಕ ಸವೆದಿದೆ. ಆಫ್ ಮಾಡಿದಾಗ ತಕ್ಷಣ ನಿಲ್ಲುತ್ತದೆಯೇ, ಹ್ಯಾಂಡಲ್ ಲಾಕ್ ಬೀಳುತ್ತದೆಯೇ ನೋಡಿ. ಎರಡೂ ಕೀಲಿಗಳನ್ನು, ಕೀಲಿಸಂಖ್ಯೆ ಕೆತ್ತಿದ ಪುಟ್ಟ ಬಿಲ್ಲೆ ಉಳಿದಿದ್ದರೆ ಅದನ್ನೂ ಕೇಳಿ ಪಡೆಯಿರಿ. ಆ ಸಂಖ್ಯೆಯನ್ನು ಗಾಡಿಯ ಕಾಗದಗಳ ಜೊತೆ ಬರೆದಿಡಿ.